ಟಗರಿನ ಎಡಗಿವಿ

ಶಿರಾಳಕೊಪ್ಪ
೧೭-೧೨-೨೦೨೪, ಮಂಗಳವಾರ

ಚಿರಂಜೀವಿ ಹುಲಿಯಪ್ಪನಿಗೆ,

ಈ ಕಾಗದ ಬರೆಯುತ್ತಿರುವವಳು ನಿನ್ನ ಅಣ್ಣ ಲೋಕಪ್ಪನ ಹೆಂಡತಿ, ವರದಮ್ಮ. ಅತ್ತಿಗೆಯ ಅಕ್ಷರ ನಿನಗೆ ಮರೆತಿರಲಾರದು. ಆದರೂ ಹತ್ತೊಂಬತ್ತು ವರ್ಷದ ಮೇಲೆ ಬರೆಯುವಾಗ ಯಾರೆಂದು ಹೇಳಿ ಶುರುಮಾಡುವುದೇ ಸರಿ. ಕುರಿ ಸಾಕುವ ನಮ್ಮ ಮನೆತನಗಳಲ್ಲಿ, ಈ ಸುತ್ತಿನಲ್ಲಿ, ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಂಗಸು ನಾನು. ಈ ಮನೆಗೆ ಹಿರಿಸೊಸೆಯಾಗಿ ಬಂದು ನಲವತ್ತೆಂಟು ವರ್ಷವಾಯಿತು. ಕುರಿ ಯಾವಾಗ ಊರು ಬಿಡಬೇಕು, ಯಾರ ಹೊಲದಲ್ಲಿ ಮಂದೆ ನಿಲ್ಲಿಸಬೇಕು ಎನ್ನುವುದು ಇವತ್ತಿಗೂ ನನ್ನ ಮಾತಿನ ಮೇಲೆಯೇ ನಡೆಯುತ್ತದೆ. ಜಂಬಕ್ಕೆ ಹೇಳುತ್ತಿಲ್ಲ. ಮುಂದಿನದನ್ನು ಬರೆದವಳು ಕೈಲಾಗದೆ ಮೆತ್ತಗಾದ ಮುದುಕಿ ಎಂದು ನೀನು ತಿಳಿಯಬಾರದು, ಅದಕ್ಕೆ.

ನಿನ್ನ ಬೆನ್ನುನೋವು ಹೇಗಿದೆ? ಸೊರಬದ ಆಸ್ಪತ್ರೆಗೆ ಎರಡು ಸಲ ಹೋಗಿದ್ದೆ ಎಂದು ಕೇಳಿದೆ. ನನ್ನ ಮಗ ಗಿರೀಶ ನಿನಗೆ ಫೋನ್ ಮಾಡುವುದು ನನಗೆ ಗೊತ್ತಿಲ್ಲವೆಂದು ಅವನು ತಿಳಿದಿದ್ದಾನೆ. ಹಿತ್ತಿಲಿಗೆ ಹೋಗಿ, ಇಡೀ ಕೇರಿಗೆ ಕೇಳುವ ಹಾಗೆ ಗುಟ್ಟು ಮಾತಾಡುತ್ತಾನೆ. ಭಾರ ಎತ್ತಬೇಡ. ನಿನ್ನ ಹೆಂಡತಿ ಮೀನಾ ಹೇಳಿದ್ದನ್ನು ಕೇಳು. ಅವಳು ಗಟ್ಟಿ ಹೆಂಗಸು ಎಂದು ನಾನು ಮೊದಲೇ ಹೇಳಿದ್ದೆ. ನನಗೆ ಸಕ್ಕರೆ ಕಾಯಿಲೆ ಬಂದಿದೆ, ಹಿಡಿತದಲ್ಲಿದೆ.

ಈಗ ವಿಷಯ. ನಿನಗೆ ಆ ರಟ್ಟಿಲ್ಲದ ಪತ್ತೇದಾರಿ ಪುಸ್ತಕ ನೆನಪಿದೆಯೇ? ಮೊದಲ ಹಾಳೆಗಳು ಕಿತ್ತುಹೋಗಿ ಹೆಸರೂ ಗೊತ್ತಿರಲಿಲ್ಲ, ಬರೆದವರೂ ಗೊತ್ತಿರಲಿಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ಬೆಲ್ಲ ಕಟ್ಟಿಕೊಡುವವನ ಕೈಯಿಂದ ನೀನು ಕಿತ್ತುಕೊಂಡು ಬಂದದ್ದು. ನಾನು ಮದುವೆಯಾಗಿ ಬಂದಾಗ ನಿನಗೆ ಎಂಟು ವರ್ಷ. ಮರಿಗಳಿಗೆ ಸೊಪ್ಪು ಕಟ್ಟುತ್ತ ನಾನು ಓದುತ್ತಿದ್ದೆ, ನೀನು ಅಂಗಾತ ಮಲಗಿ ಕೇಳುತ್ತಿದ್ದೆ. ಮೂರು ಪುಟ ಓದುವುದರೊಳಗೆ ಎದ್ದು ಕೂತು, "ಅತ್ತಿಗೀ, ಬುಡು ಇನ್ನ, ಆ ಡಾಕ್ಟ್ರೇ ಕೊಂದಾನ!" ಎಂದು ಕೂಗುತ್ತಿದ್ದೆ. ಅದರಲ್ಲಾಗಲಿ, ಆಮೇಲೆ ತಂದ ಪುಸ್ತಕಗಳಲ್ಲಾಗಲಿ, ಒಂದು ಸಲವೂ ನೀನು ಹೇಳಿದವನು ಕೊಲೆಗಾರನಾಗಲಿಲ್ಲ. ನಾನು ಹೇಳಿದವನು ಪ್ರತಿಸಲವೂ ಆಗುತ್ತಿದ್ದ. ಇವಳನ್ನು ಪೊಲೀಸಿಗೆ ಸೇರಿಸಬೇಕಿತ್ತು ಎಂದು ನಿನ್ನ ಅಣ್ಣ ನಗುತ್ತಿದ್ದರು. ನಾನೂ ಅದನ್ನು ನಂಬಿದೆ.

ಆ ಕಥೆಯನ್ನೇ ಈಗ ಎಂಟು ಕಂತಿನ ಧಾರಾವಾಹಿ ಮಾಡಿದ್ದಾರೆ. ಗಿರೀಶನ ಮಗಳು ಮಧುಶ್ರೀ ಟೀವಿಗೆ ಫೋನ್ ಜೋಡಿಸಿ ತೋರಿಸಿದಳು. ಜನರ ಹೆಸರೆಲ್ಲ ಬದಲಿಸಿದ್ದರೂ ಮೊದಲ ಕಂತಿನಲ್ಲೇ ಗುರುತು ಹಿಡಿದೆ. ಗೌಡರು ಕುರಿದೊಡ್ಡಿಯಲ್ಲಿ ಸತ್ತು ಬಿದ್ದಿರುವುದು, ರಾತ್ರಿಯಿಡೀ ಮಳೆ ಸುರಿದರೂ ಹೊದ್ದ ಕಂಬಳಿ ಒಣಗಿಯೇ ಇರುವುದು, ಎಲ್ಲ ಅದೇ. ಆದರೆ ನಮ್ಮ ಪತ್ತೇದಾರ ಅಡಿಕೆ ಜಗಿಯುತ್ತ ಹೊಲದ ಬದುವಿನ ಮೇಲೆ ನಡೆದು ಹೋಗುತ್ತಿದ್ದ ವಯಸ್ಸಾದ ಮನುಷ್ಯ. ಇವರ ಪತ್ತೇದಾರ ಮೂವತ್ತು ದಾಟಿಲ್ಲ, ಜೀಪಿನಿಂದ ಹಾರುತ್ತಾನೆ, ನಾಲ್ಕು ಜನರನ್ನು ಹೊಡೆದ ಮೇಲೆ ಪ್ರಶ್ನೆ ಕೇಳುತ್ತಾನೆ. ಗೌಡರ ಹೆಂಡತಿ ಪುಸ್ತಕದಲ್ಲಿ ಒಂದು ಹನಿ ಕಣ್ಣೀರು ಹಾಕುವುದಿಲ್ಲ, ಅದಕ್ಕೇ ಅವಳ ಮೇಲೆ ನಮಗೆ ಅನುಮಾನ ಬರುತ್ತಿತ್ತು. ಇಲ್ಲಿ ಅವಳು ಕಂತಿಗೆ ಎರಡು ಸಲ ಅಳುತ್ತಾಳೆ. ಪುಸ್ತಕದಲ್ಲಿ ಕೆಟ್ಟವನು ಬಂದರೆ ಅವನ ಜೊತೆ ನಾವೂ ಕೂತು ಕಾಫಿ ಕುಡಿಯುತ್ತಿದ್ದೆವು, ಗೊತ್ತೇ ಆಗುತ್ತಿರಲಿಲ್ಲ. ಇಲ್ಲಿ ಅವನು ಬಾಗಿಲಿಗೆ ಬರುವ ಮೊದಲೇ ಸಂಗೀತ ಹೇಳಿಬಿಡುತ್ತದೆ. ಒಂದು ಮಾತ್ರ ಒಪ್ಪುತ್ತೇನೆ. ತಪ್ಪು ಆಪಾದನೆ ಹೊತ್ತ ಆ ಕುರಿಗಾರನ ಮುಖ. ಪುಸ್ತಕ ಅವನಿಗೆ ಕೊಟ್ಟದ್ದು ಎರಡೇ ಸಾಲು, ಬೇಗ ಬೇಗ ಓದಿ ಮುಂದೆ ಹೋಗುತ್ತಿದ್ದೆ. ಇವರು ಆ ಮುಖವನ್ನು ತುಂಬ ಹೊತ್ತು ತೋರಿಸಿದರು. ಸಂಗೀತವನ್ನೂ ನಿಲ್ಲಿಸಿದ್ದರು.

ಆರನೆಯ ಕಂತಿನಲ್ಲಿ ಟಗರಿನ ಕಿವಿಯ ಗುರುತು ಬಂತು. ಪುಸ್ತಕದಲ್ಲಿ ಪತ್ತೇದಾರ ಟಗರನ್ನು ಹಿಂದಿನಿಂದ ತೊಡೆಗಳ ನಡುವೆ ಹಿಡಿದು, ಎಡಗಿವಿಯ ಕಚ್ಚನ್ನು ಬೆರಳಿನಲ್ಲೇ ಮುಟ್ಟಿ ನೋಡುತ್ತಾನೆ. ಯಾರ ಮನೆಯದೆಂದು ತಿಳಿಯಲು ನಾವು ಮರಿಗಳ ಕಿವಿ ಕೊಯ್ದು ಕಚ್ಚು ಹಾಕುವಾಗ ಹಿಡಿಯುವ ಹಾಗೆಯೇ. ಇವರ ಹುಡುಗ ಟಗರಿನ ಎದುರಿಗೆ ನಿಂತು, ಟಾರ್ಚ್ ಬೆಳಕು ಬಿಟ್ಟು, ಎಡಗಿವಿ ಎಂದು ಬೆರಳು ತೋರಿಸಿದ. ತೋರಿಸಿದ್ದು ಬಲಗಿವಿ. ನಾನು ಜೋರಾಗಿ ನಕ್ಕೆ. ಮಧುಶ್ರೀ, "ಎಡಗಡೆನೇ ಐತಲ್ಲಜ್ಜಿ, ಇನ್ನೇನು ಹುಳುಕು ತೆಗೀತೀಯ?" ಎಂದಳು. "ನಿನ್ನ ಎಡಕ್ಕೈತಿ ಕಣೆ, ಟಗರಿನ ಎಡಕ್ಕಲ್ಲ. ಎದುರಿಗೆ ನಿಂತೋರಿಗೆಲ್ಲ ಹಂಗೇ ಕಾಣೋದು" ಎಂದೆ. ಮುಂದಿನ ಕಂತು ಹಾಕಲೇ ಎಂದು ಅವಳು ಕೇಳಿದಾಗ, ಬೇಡ, ಟೀವಿ ಆರಿಸು ಎಂದೆ.

ಎರಡು ಸಾವಿರದ ಐದರಲ್ಲಿ ನಮ್ಮ ಹಟ್ಟಿಯಿಂದ ಮೂರು ಟಗರು ಕಾಣೆಯಾದವು. ಅದೇ ವಾರ ನೀನು ಆನವಟ್ಟಿಯಲ್ಲಿ ಮೂರು ಟಗರು ಮಾರಿದ್ದೆ. ಅವು ಮಾಸ್ತಪ್ಪನವು, ಅವನು ಮಂದೆ ಬಿಟ್ಟು ಬರಲಾಗದೆ ನನ್ನ ಕೈಲಿ ಕಳಿಸಿದ ಎಂದೆ ನೀನು. ಮಾಸ್ತಪ್ಪನೂ ಬಂದು ಹಾಗೇ ಹೇಳಿದ. ಅವನು ನಿನ್ನ ಗೆಳೆಯ, ಹೇಳದೆ ಇರುತ್ತಾನೆಯೇ ಎಂದುಕೊಂಡೆ. ನಮ್ಮ ಮನೆಯ ಕಚ್ಚು ಎಡಗಿವಿಗೆ, ಮಾಸ್ತಪ್ಪನದು ಬಲಗಿವಿಗೆ. ನಾನೇ ಆನವಟ್ಟಿಗೆ ಹೋಗಿ, ಕೊಂಡ ಸುರೇಂದ್ರನನ್ನು ಹುಡುಕಿ ಕೇಳಿದೆ. ಟಗರು ಆಗಲೇ ಲಾರಿ ಹತ್ತಿ ಹೋಗಿದ್ದವು. ಕಚ್ಚು ಎಲ್ಲಿತ್ತು ಎಂದರೆ ಸುರೇಂದ್ರ ಮಾತಾಡದೆ ತನ್ನ ಎಡಗಿವಿ ಹಿಡಿದು ತೋರಿಸಿದ. ನನಗೆ ಅಷ್ಟು ಸಾಕಾಯಿತು. ಗಂಡಸರ ಸಾಲಿನಲ್ಲಿ ಕೂತು ನಾನು ನ್ಯಾಯ ಹೇಳುತ್ತಿದ್ದ ಬೀರಪ್ಪನ ಗುಡಿಕಟ್ಟೆಯ ಮೇಲೆ ಊರನ್ನು ಕೂಡಿಸಿ, ಪುಸ್ತಕದ ಕೊನೆಯ ಅಧ್ಯಾಯದ ಹಾಗೆ ಒಂದೊಂದೇ ಸಾಕ್ಷಿ ಹೇಳಿ ನಿನ್ನನ್ನು ಕಳ್ಳ ಎಂದೆ. "ಅತ್ತಿಗೀ, ನನ್ನ ಮುಖ ನೋಡಿ ಹೇಳು" ಎಂದೆ ನೀನು. ನಾನು ನೋಡಲಿಲ್ಲ. ಮಾರನೆಯ ದಿನ ನೀನು ಹೆಂಡತಿ ಮಕ್ಕಳೊಂದಿಗೆ ಸೊರಬದ ಬಸ್ಸು ಹತ್ತಿದೆ.

ಹೋದ ಗುರುವಾರ ಗಿರೀಶನಿಂದ ನಮ್ಮದೊಂದು ಟಗರನ್ನು ಗಾಡಿಗೆ ಹಾಕಿಸಿಕೊಂಡು ಸುರೇಂದ್ರನ ಮನೆಗೆ ಹೋದೆ. ಮುದುಕನಾಗಿದ್ದಾನೆ, ವ್ಯಾಪಾರ ಬಿಟ್ಟಿಲ್ಲ. ಕೊಳ್ಳುವವರೆಲ್ಲ ಮಾಡುವಂತೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಟಗರಿನ ಬಾಯಿ ತೆರೆಸಿ ಹಲ್ಲು ನೋಡಿದ. ಟಗರನ್ನು ಮರೆಗೆ ಕಳಿಸಿ, ಕಚ್ಚು ಎಲ್ಲಿತ್ತಪ್ಪ ಎಂದು ಕೇಳಿದೆ. ನಮ್ಮ ಟಗರಿನ ಕಚ್ಚು ಎಡಗಿವಿಗೆ. ಅವನು ತನ್ನ ಬಲಗಿವಿ ಹಿಡಿದ. "ಯಾಕ್ರೀ ಅಮ್ಮಾರೇ, ತಪ್ಪಾತೇನ್ರಿ?" ಎಂದ. ಅವನದೇನೂ ತಪ್ಪಿರಲಿಲ್ಲ, ಕಂಡ ಕಡೆಗೆ ಕೈ ಹೋಗಿತ್ತು. ಅಂದೂ ಹಾಗೆಯೇ ಹೋಗಿತ್ತು, ಅವನು ತನ್ನ ಎಡಗಿವಿ ಹಿಡಿದು ತೋರಿಸಿದ ಕಚ್ಚು ಟಗರಿನ ಬಲಗಿವಿಯಲ್ಲಿತ್ತು. ನೀನು ಮಾರಿದ್ದು ಮಾಸ್ತಪ್ಪನ ಟಗರನ್ನೇ. ಕುರಿಯನ್ನು ಹಿಂದಿನಿಂದ ಹಿಡಿದೇ ಬೆಳೆದ ನನಗೆ, ಕೊಳ್ಳುವವನು ಎದುರಿನಿಂದ ನೋಡುತ್ತಾನೆಂಬುದು ಹೊಳೆಯಲಿಲ್ಲ. ನಮ್ಮ ಮೂರು ಏನಾದವೋ ಇವತ್ತಿಗೂ ಗೊತ್ತಿಲ್ಲ. ಪುಸ್ತಕದಲ್ಲಾದರೆ ಕೊನೆಯ ಪುಟದೊಳಗೆ ಸಿಗುತ್ತಿದ್ದವು.

ನಿನ್ನ ಅಣ್ಣ ತೀರಿಕೊಂಡ ದಿನ ನೀನು ಬಂದಿದ್ದೆ. ಬೇಲಿಯ ಆಚೆ ಜನರ ಹಿಂದೆ ನಿಂತಿದ್ದೆ. ಮಣ್ಣು ಹಾಕಿ, ನಮ್ಮ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯದೆ ಹೋದೆ. ನಾನು ನೋಡಿದೆ. ಕರೆಯಲಿಲ್ಲ. ಕೊನೆಯ ತಿಂಗಳಲ್ಲಿ ಅವರು ನಿನ್ನ ಹೆಸರು ಎತ್ತಿದಾಗಲೂ ಕಳ್ಳನ ಮಾತು ಬೇಡ ಎಂದು ಬಾಯಿ ಮುಚ್ಚಿಸಿದ್ದೆ. ಇದನ್ನು ನಿನಗೆ ಬೇರೆ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಅಲ್ಲಿ ನಡುವೆ ನೀನು ಸಮಾಧಾನ ಹೇಳಿಬಿಡುತ್ತೀಯೆ, ನಿನ್ನ ಸ್ವಭಾವ ಗೊತ್ತು. ಅದು ನನಗೆ ಬೇಡ. ಬಾ ಎಂದು ಅಪ್ಪಣೆ ಕೊಡುವ ಹಕ್ಕೂ ನನಗೆ ಉಳಿದಿಲ್ಲ. ಬಂದರೆ ಬಾಗಿಲು ತೆರೆಯುವವಳು ನಾನೇ. ಬಾರದಿದ್ದರೆ ಯಾಕೆಂದು ಯಾರೂ ಕೇಳದಂತೆ ನೋಡಿಕೊಳ್ಳುತ್ತೇನೆ.

ಮೀನಾಗೆ ನಾನು ಕೇಳಿದೆನೆಂದು ಹೇಳು. ಮಕ್ಕಳಿಗೆ ಬೀರಪ್ಪ ಆಯುಸ್ಸು ಕೊಡಲಿ, ನಿನ್ನ ಬೆನ್ನಿಗೆ ಬಲ ಕೊಡಲಿ.

ನಿನ್ನ ಅತ್ತಿಗೆ,
ವರದಮ್ಮ

ಮರೆತ ಮಾತು: ಗಿರೀಶ ಬೈಕಿನ ಮೇಲೆ ಕೂತು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಸೋಮವಾರ ಗುಡಿಕಟ್ಟೆಗೆ ಜನರನ್ನು ಕರೆಸಿದೆ. ಅಂದು ಇದ್ದವರಲ್ಲಿ ಬದುಕಿರುವವರೆಲ್ಲ ಬಂದರು, ಮಾಸ್ತಪ್ಪನನ್ನು ಅವನ ಮಗ ಕೈ ಹಿಡಿದು ಕರೆತಂದ. "ನನ್ನ ಮೈದುನ ಹುಲಿಯಪ್ಪ ಕಳ್ಳ ಅಲ್ಲ. ಮಾಸ್ತಪ್ಪ ಸುಳ್ಳ ಅಲ್ಲ. ತಿಳೀದೆ ನ್ಯಾಯ ಹೇಳಿದೋಳು ನಾನು. ಇನ್ನು ಈ ಕಟ್ಟೆ ಮೇಲೆ ನಾನು ನ್ಯಾಯ ಹೇಳಲ್ಲ" ಎಂದೆ. ಮಾಸ್ತಪ್ಪ ಅತ್ತ. ಹೋಗ್ಲಿ ಬುಡು ವರದಕ್ಕ ಎಂದು ಯಾರೋ ಅಂದರು, ಹೋಗಲಿ ಬಿಡುವಂಥದ್ದಲ್ಲ ಎಂದೆ. ಆಮೇಲೆ ಕಟ್ಟೆ ಇಳಿದು, ಹೆಂಗಸರು ಕೂರುವ ಕಡೆ ಹೋಗಿ ಕೂತೆ.