ಮಾಳೇಶ ಗೀಟೆಳೆದ ಕಿಟಕಿ

ಎಲೈ ಪರದೆಯ ಚಿತ್ರಗಾರ ಮಾಳೇಶಾ, ಕೇಳುವಂಥವನಾಗು! ನೀನು ತೀರಿಕೊಂಡ ನಾಲ್ಕನೇ ವರ್ಷ ನಿನ್ನ ಮೇಷ್ಟ್ರು ಬರೆಯುತ್ತಿದ್ದೇನೆ. ದಣಿದಿದ್ದೇನೆ, ಆರ್ಭಟ ಇಷ್ಟಕ್ಕೇ ಸಾಕು.

ನಮ್ಮ ನಾಟಕ ಕಂಪನಿ ಮುಚ್ಚಿತು. ಪರದೆ ಸಾಗಿಸುತ್ತಿದ್ದ ತಗಡಿನ ಟ್ರೈಲರೇ ಈಗ ನನಗೂ ಹೆಂಡತಿ ಹೂವಮ್ಮನಿಗೂ ಮನೆ. ಊರೂರಿನ ಹುಡುಗರಿಗೆ ನಾಟಕ ಕಲಿಸುತ್ತೇನೆ. ಕಲಿತ ಊರಿನ ಟ್ರ್ಯಾಕ್ಟರು ನಮ್ಮನ್ನು ಮುಂದಿನ ಊರಿಗೆ ಎಳೆದು ಬಿಡುತ್ತದೆ. ಇವತ್ತು ಜಡೆ ಎಂಬ ಊರಿನಲ್ಲಿ ಈ ಮನೆಗೆ ಹಳೇ ಬಸ್ಸಿನದೊಂದು ಕಿಟಕಿ ಕೂರಿಸಿದೆ.

ಸುತ್ತಲೂ ಸಂದು ಮುಚ್ಚುವ ಪುಟ್ಟಿ ಮೆತ್ತಿ ಒಳಗೆ ಕೂತೆ. ಸೋರುತ್ತದೋ ನೋಡಲು ಹೂವಮ್ಮ ಹೊರಗಿನಿಂದ ಒಂದು ಕೊಡ ನೀರು ಸುರಿದಳು. ನೀರು ನನ್ನ ಪಂಚೆಗೇ ಇಳಿಯಿತು.

"ಏನ್ರೀ ಮಹಾರಾಜ್ರೇ, ಸೋರ್ತೇನ್ರೀ?"

ಆಗ ನಿನ್ನ ಮಾತು ನೆನಪಾಯಿತು: "ಅಡಿ ಅಂಚಿಗೆ ಮೆತ್ತಬಾರ್ದು ಮೇಷ್ಟ್ರೇ. ಗಾಜಿನ ಸಂದೀಗೆ ನೀರು ಹೊಕ್ಕೇ ಹೊಗ್ತೈತಿ, ಹೊರಗೆ ಹೋಗಾಕೆ ದಾರಿ ಬೇಕು."

ಅಡಿಯ ಪುಟ್ಟಿ ಕೆರೆದೆ. ಮತ್ತೊಂದು ಕೊಡ ಸುರಿದಳು. ಒಳಗೆ ಹನಿಯಿಲ್ಲ.

ಉಬ್ಬಸದ ನೀನು ಬಣ್ಣದ ವಾಸನೆಯಲ್ಲೇ, ಇದೇ ಟ್ರೈಲರಿನೊಳಗೆ ಪರದೆಗಳ ಪಕ್ಕ ಮಲಗುತ್ತಿದ್ದೆ. ಇಲ್ಲೊಂದು ಕಿಟಕಿ ಕೊರೆಸೋಣವೆಂದು ನೀನೇ ತಗಡಿನ ಮೇಲೆ ಗೀಟೆಳೆದು ತೋರಿಸಿದೆ. "ಅರಮನೆ ಪರದೆಗೆ ಹನ್ನೆರಡು ಕಿಟಕಿ ಬರ್ದೀಯಲ್ಲೋ, ಅದ್ರಾಗೇ ಉಸಿರಾಡು!" ಎಂದು ನಾನು ಗುಡುಗಿದೆ. ಕಂಪನಿಯೆಲ್ಲ ನಕ್ಕಿತು. ನೀನೂ ನಕ್ಕು, ಕೆಮ್ಮಿದೆ.

ಇವತ್ತು ಕೊರೆಸಿದ್ದು ಆ ಗೀಟಿನ ಮೇಲೇ.

"ಇಷ್ಟು ಕೆಳಗ್ಯಾಕ್ರೀ ಕಿಟಕಿ? ನಿಂತ್ರೆ ಮೊಣಕಾಲಿಗೆ ಬರ್ತೈತಿ" ಎಂದಳು ಹೂವಮ್ಮ.

"ಅಳತೆ ಮಾಳೇಶಂದು" ಎಂದೆ.

ಅವಳು ಕೊಡ ಕೆಳಗಿಟ್ಟಳು. ನಾನು ನಿನ್ನ ಜಾಗದಲ್ಲಿ ಮಲಗಿ ಗಾಜು ಸರಿಸಿದೆ. ಗಾಳಿ ನೇರ ಮೂಗಿಗೇ ಬಂತು.