ಗುರುವಾರ ಹನ್ನೊಂದಕ್ಕೆ ಮಾತಾಡುವವಳು ನಾನು

ಪ್ರೀತಿಯ ಫೈಜಲ ಭಾಯಿಗೆ,

ನಿನ್ನ ತಂಗಿ ಕೈನಾತಳ ಸಲಾಮು.

ಒಂದೇ ಮನೆಯಲ್ಲಿದ್ದು, ದಿನವೂ ಒಂದೇ ಅಂಗಡಿಯಲ್ಲಿ ಕೂತು, ಕಾಗದ ಬರೆದಿದ್ದಾಳಲ್ಲ ಎಂದು ನಗಬೇಡ. ಎದುರಿಗೆ ನಿಂತು ಹೇಳಲು ಎರಡು ಸಲ ನೋಡಿದೆ. ಎರಡೂ ಸಲ ಮೊದಲ ಅಕ್ಷರಕ್ಕೇ ನನ್ನ ಮಾತು ತೊಡರಿತು, ಉಳಿದದ್ದನ್ನು ನೀನೇ ಊಹಿಸಿ ಮುಗಿಸಿಬಿಟ್ಟೆ. ಒಮ್ಮೆ ಚಹಾ ಬೇಕೇನು ಎಂದು ಕೇಳಿದೆ, ಇನ್ನೊಮ್ಮೆ ತಲೆನೋವಿನ ಗುಳಿಗೆ ತಂದುಕೊಟ್ಟೆ. ಕಾಗದವಾದರೆ ಕೊನೆಯ ಸಾಲಿನವರೆಗೂ ನೀನು ಕಾಯಲೇಬೇಕು.

ಸುದ್ದಿ ಇಷ್ಟು. ನಮ್ಮ ಅಂಗಡಿಯ ಮಾಳಿಗೆಯ ಮೇಲೆ ಮೃಣಾಲ ಅಕ್ಕ ನಡೆಸುವ ‘ಮಾರುದನಿ’ ಇಂಟರ್ನೆಟ್ ರೇಡಿಯೊದ ಹೊಸ ಕಾರ್ಯಕ್ರಮಗಳ ಪಟ್ಟಿ ನಾಳೆ ಎಲ್ಲರ ಫೋನಿಗೂ ಬರುತ್ತದೆ. ಗುರುವಾರ ಬೆಳಿಗ್ಗೆ ಹನ್ನೊಂದರ ರಿಪೇರಿ ಕಾರ್ಯಕ್ರಮ ‘ಬಿಚ್ಚಿ ನೋಡೂಣು’ ಪಕ್ಕದಲ್ಲಿ ನಿನ್ನ ಹೆಸರಿಲ್ಲ. ನನ್ನ ಹೆಸರಿದೆ. ಯಾರೂ ನಿನ್ನಿಂದ ಅದನ್ನು ಕಸಿದಿಲ್ಲ, ಭಾಯಿ. ನಾನೇ ಹೋಗಿ ಕೇಳಿದೆ.

ಇಷ್ಟು ಓದಿ ಕಾಗದ ಮಡಚಬೇಡ.

ನನಗೆ ಹದಿನೈದು ವರ್ಷವಾದಾಗಿನ ಮಾತು ನಿನಗೆ ನೆನಪಿರಬೇಕು. ಬಬಲೇಶ್ವರದ ನಮ್ಮ ಚಿಕ್ಕಮ್ಮ ಜುಲೇಖಾ ಖಾಲಾನ ಮನೆಗೆ ಒಬ್ಬಳೇ ಹೊರಟಿದ್ದೆ. ಬಸ್‌ಸ್ಟ್ಯಾಂಡಿನ ಕಿಟಕಿಯ ಮುಂದೆ ನಿಂತರೆ ‘ಬ’ ಬಾಯಿಂದ ಹೊರಡಲೊಲ್ಲದು. ಹಿಂದೆ ನಿಂತವರು ನಕ್ಕರು. ಕಿಟಕಿಯವನು ಯಾವ ಊರು ಎಂದು ಮತ್ತೆ ಮತ್ತೆ ಕೇಳಿದ. ಬಾಯಿಗೆ ಸುಲಭವಾಗಿ ಬಂದ ಊರು ತಿಕೋಟಾ. ಅದನ್ನೇ ಹೇಳಿದೆ, ಅವನು ತೋರಿಸಿದ ಬಸ್ಸಿನಲ್ಲೇ ಕೂತೆ, ತಿಕೋಟಾದಲ್ಲೇ ಇಳಿದೆ. ಯಾರದೋ ಫೋನಿನಿಂದ ನಿನಗೆ ಕರೆ ಮಾಡಿದೆ, ಅದರಲ್ಲೂ ಬರೀ ಅಳುತ್ತಿದ್ದೆ, ಯಾವ ಊರೆಂದು ಫೋನ್ ಕೊಟ್ಟವರೇ ನಿನಗೆ ಹೇಳಿದರು. ನೀನು ಗೆಳೆಯನ ಗಾಡಿ ಇಸಿದುಕೊಂಡು ಬಂದೆ. ಬೈಯಲಿಲ್ಲ. ಬಿಸಿ ಮಿರ್ಚಿ ಭಜಿ ಕೊಡಿಸಿ, ನನ್ನನ್ನು ಬಬಲೇಶ್ವರಕ್ಕೆ ಮುಟ್ಟಿಸಿ, ಅಮ್ಮಿಗೆ ಒಂದು ಮಾತೂ ಹೇಳಲಿಲ್ಲ. ದಾರಿಯಲ್ಲಿ ಅಂದದ್ದು ಇಷ್ಟೇ: “ಇನ್ಮ್ಯಾಲೆ ನೀ ಎಲ್ಲೂ ಮಾತಾಡಬ್ಯಾಡ. ನಾ ಅದೀನಿ.”

ಅವತ್ತು ಆ ಮಾತಿನಷ್ಟು ತಂಪಾದದ್ದು ಲೋಕದಲ್ಲಿ ಬೇರೆ ಇರಲಿಲ್ಲ. ನೀನು ನುಡಿದಂತೆಯೇ ನಡೆದೆ. ಕಿರಾಣಿ ಅಂಗಡಿ, ಕಾಲೇಜಿನ ಆಫೀಸು, ದವಾಖಾನೆ, ಎಲ್ಲ ಕಡೆ ನನ್ನ ಮಾತು ನಿನ್ನ ಬಾಯಲ್ಲಿ ಬಂತು. ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಿದ ಮೇಲೂ ಹಾಗೇ. ಒಳಗೆ ದೀಪದ ಕೆಳಗೆ ಬೋರ್ಡು ಬಿಚ್ಚುವವಳು ನಾನು, ಹೊರಗೆ ಗಿರಾಕಿಗೆ ತಿಳಿಸಿ ಹೇಳುವವನು ನೀನು. ನಾನು ಚೀಟಿಯಲ್ಲಿ ಬರೆದದ್ದನ್ನು ನೀನು ಎಷ್ಟು ಚೆಂದ ಹೇಳುತ್ತಿದ್ದೆಯೆಂದರೆ, ನನಗೇ ಇನ್ನೊಮ್ಮೆ ಕೇಳಬೇಕು ಅನ್ನಿಸುತ್ತಿತ್ತು.

ಅದನ್ನು ಕೇಳಿಯೇ ಮೃಣಾಲ ಅಕ್ಕ ನಿನಗೆ ಕಾರ್ಯಕ್ರಮ ಕೊಟ್ಟರು. ಮೂರು ವಾರ ಎಲ್ಲ ಸುಸೂತ್ರ ನಡೆಯಿತು. ಗೋಡೆಗೆಲ್ಲ ಕೌದಿ ಕಟ್ಟಿದ ಆ ಸಣ್ಣ ಕೋಣೆಯಲ್ಲಿ ನಾನು ಬರೆದದ್ದನ್ನು ನೀನು ಓದುತ್ತಿದ್ದೆ, ಪಕ್ಕದಲ್ಲಿ ಕೂತು ನಾನು ಹಾಳೆ ದಾಟಿಸುತ್ತಿದ್ದೆ. ನಾಲ್ಕನೇ ವಾರ ಕೇಳುಗರ ಕರೆ ತಗೊಳ್ಳೋಣ ಎಂದರು ಅಕ್ಕ. ಮೊದಲ ಕರೆಯೇ ಹೊನವಾಡದ ಸಖೂಬಾಯಿಯವರದು. ಮನೆಯಿಂದ ಫೋನ್ ಮಾಡಿದರೆ ದ್ರಾಕ್ಷಿ ತೋಟದ ಪಂಪು ಚಾಲೂ ಆಗುತ್ತಿತ್ತು, ಎಂಟು ದಿನದಿಂದ ಆಗುತ್ತಿಲ್ಲ, ಯಾಕೆ ಎಂದು ಕೇಳಿದರು. ನಿನ್ನ ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನೀನು ನನ್ನ ಮುಖ ನೋಡಿದೆ. ಬರೆದುಕೊಡಲು ಹೊತ್ತಿರಲಿಲ್ಲ, ನಾನೇ ಮೈಕಿಗೆ ಬಾಗಿದೆ.

ಉತ್ತರ ನನಗೆ ಗೊತ್ತಿತ್ತು. ನಾಲಿಗೆ ಮಾತ್ರ ಅದರದೇ ನಡಿಗೆಯಲ್ಲಿ ಬಂತು. ಹೊಸ ಸಿಮ್ ಹಾಕಿದಿರೇನು ಎಂದು ಕೇಳುವಷ್ಟರಲ್ಲಿ ಮೂರು ಕಡೆ ನಿಂತೆ. ಹೌದು ಎಂದರು ಅವರು. ಮುಂದಿನ ಮಾತಿಗೆ ಉಸಿರು ಎಳೆದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ನೀನು ನನ್ನ ಮೈಕು ಇಳಿಸಿ ಹಾಡು ಹಚ್ಚಿದೆ. ಆಮೇಲೆ ಮೆಟ್ಟಿಲ ಮೇಲೆ ನಿಂತು ಹೇಳಿದೆ: “ಮಂದಿ ನಕ್ಕಿರತಾರ. ನನ್ನ ಕೈಲೆ ತಡಕೊಳ್ಳಾಕ ಆಗಲಿಲ್ಲ.” ನಾನು ತಲೆಯಾಡಿಸಿದೆ. ನಾಲ್ಕು ದಿನ ನಿನ್ನ ಜೊತೆ ಮಾತಾಡದಿದ್ದದ್ದು ಗಂಟಲು ನೋವಿನಿಂದಲ್ಲ, ಸಿಟ್ಟಿನಿಂದ. ಈಗ ಸಿಟ್ಟಿಲ್ಲ. ನಿನಗದು ತಿಳಿದಿರಲಿ ಎಂದು ಬರೆದೆ.

ನಿನಗೆ ಗೊತ್ತಿಲ್ಲದ್ದು ಮುಂದಿನದು. ನೀನು ಸಾಮಾನು ತರಲು ಸೊಲ್ಲಾಪುರಕ್ಕೆ ಹೋದ ದಿನ ಸಖೂಬಾಯಿಯವರು ಅಂಗಡಿಗೆ ಬಂದರು. ಬಸ್ಸಿಗೆ ಬಂದು, ಸ್ಟೇಷನ್ ರಸ್ತೆ ತುಂಬ ಕೇಳಿಕೊಂಡು, ಸಿಮ್ ಹಾಕುವ ಪಂಪಿನ ಸ್ಟಾರ್ಟರ್ ಡಬ್ಬಿಯನ್ನು ಕೈಚೀಲದಲ್ಲಿ ಹಾಕಿಕೊಂಡು. ರೇಡಿಯೊದಲ್ಲಿ ಮಾತಾಡಿದ ಹುಡುಗಿ ಎಲ್ಲಿ ಎಂದು ಕೇಳಿದರು. ಅಣ್ಣ ಸಂಜೆಗೆ ಬರುತ್ತಾನೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ಚೀಟಿ ಓದಲೇ ಇಲ್ಲ, ಸ್ಟೂಲ್ ಎಳೆದುಕೊಂಡು ಕೂತರು. “ಹಾಡು ಕೇಳಾಕ ನಾ ಫೋನ್ ಮಾಡಿದ್ದಿಲ್ಲ ಯವ್ವಾ. ನೀ ಏನೋ ಹೇಳಾಕತ್ತಿದ್ದಿ, ಅರ್ಧಕ್ಕ ನಿಂತೈತಿ. ಉಳಿದದ್ದು ಹೇಳು. ಸಾವಕಾಶ ಹೇಳು, ನನ್ನ ಬಸ್ಸು ಸಂಜಿಗೈತಿ.”

ಹೇಳಿದೆ. ಡಬ್ಬಿ ಹಳೇ ಟೂ-ಜಿಯದು, ಮಗ ತಂದು ಹಾಕಿದ ಸಿಮ್ಮು ಬರೀ ಫೋರ್-ಜಿಯದು, ಒಂದರ ಮಾತು ಒಂದಕ್ಕೆ ತಿಳಿಯುವುದಿಲ್ಲ ಎಂದೆ. ಎಷ್ಟು ಹೊತ್ತು ಹಿಡಿಯಿತೋ. ನಡುವೆ ಅವರು ನನ್ನ ಮಾತನ್ನು ಒಮ್ಮೆಯೂ ಮುಗಿಸಿಕೊಡಲಿಲ್ಲ, ಬೇರೆ ಕಡೆ ನೋಡಲೂ ಇಲ್ಲ. ಅದರ ಮೇಲೆ ಎರಡು ಪ್ರಶ್ನೆ ಕೇಳಿದರು. ಅವರ ಚೀಲದಲ್ಲೇ ಇದ್ದ ಹಳೇ ಸಿಮ್ಮನ್ನು ಮತ್ತೆ ಹಾಕಿ ಕಳಿಸಿದೆ. ಮರುದಿನ ಫೋನ್ ಮಾಡಿ, ನೀರು ಬಿತ್ತು, ನೀ ಹೇಳಿದ್ದು ಖರೆ, ಎಂದರು.

ಆ ಫೋನು ಇಟ್ಟ ಕೂಡಲೇ ಮಾಳಿಗೆ ಹತ್ತಿದೆ. ಕಾರ್ಯಕ್ರಮ ನನಗೆ ಕೊಡಿ ಎಂದು ನಾನೇ, ಬಾಯಿಬಿಟ್ಟು, ಪೂರ್ತಿ ಹೇಳಿದೆ. ಮೃಣಾಲ ಅಕ್ಕ ಒಮ್ಮೆಲೇ ಹೂಂ ಅನ್ನಲಿಲ್ಲ. ಕೇಳುವವರು ಇಷ್ಟು ತಡೆಯುತ್ತಾರೋ ಇಲ್ಲವೋ ಎಂಬ ಅಳುಕನ್ನು ಮುಚ್ಚಿಡಲೂ ಇಲ್ಲ. ಒಂದು ಕಾರ್ಯಕ್ರಮ ಧ್ವನಿಮುದ್ರಿಸಿ ನೋಡೋಣ ಎಂದರು. ಫೋನು ನೀರಿಗೆ ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು, ಅಷ್ಟೇ ವಿಷಯ. ಅದನ್ನು ಮೊದಲ ಸಲ ಕೇಳಿದಾಗ ಕಿವಿ ಮುಚ್ಚಿಕೊಂಡೆ. ಎರಡನೇ ಸಲ ಎಲ್ಲೆಲ್ಲಿ ನಿಂತೆ ಎಂದು ಎಣಿಸಿದೆ. ಮೂರನೇ ಸಲ ಎಣಿಸುವುದು ಮರೆತೇ ಹೋಯಿತು. ಅಲ್ಲಿ ತನ್ನ ಕೆಲಸ ಗೊತ್ತಿದ್ದ ಹೆಣ್ಣುಮಗಳೊಬ್ಬಳು ಮಾತಾಡುತ್ತಿದ್ದಳು. ಮೃಣಾಲ ಅಕ್ಕ ಕಿವಿಯಿಂದ ಹೆಡ್‌ಫೋನ್ ತೆಗೆದು, “ನಾ ಇನ್ನ ಮ್ಯಾಲೆ ತೊಯ್ದ ಫೋನ್ ಅಕ್ಕಿಯೊಳಗ ಇಡಂಗಿಲ್ಲ,” ಎಂದರು. ನನ್ನ ನೇಮಕಾತಿ ಆದೇಶ ಅದೇ.

ಆಮೇಲೆ ನಿನ್ನ ಮಾತು ಬಂತು. ಫೈಜಲನಿಗೆ ಬೇಜಾರಾಗುತ್ತದೇನು ಎಂದು ಕೇಳಿದರು. ಭಾಯಿ, ಇಲ್ಲಿ ನನ್ನದೊಂದು ತಪ್ಪಿದೆ. ನೀನು ಸಾಮಾನು ಕೊಡಲು ಊರೂರು ತಿರುಗುವಾಗ ಮುದ್ರಿಸಿಕೊಂಡ ಹಾಡುಗಳು ಅಂಗಡಿಯ ಕಂಪ್ಯೂಟರಿನಲ್ಲಿವೆಯಲ್ಲ, ಅವುಗಳಲ್ಲಿ ಒಂದನ್ನು ನಿನ್ನನ್ನು ಕೇಳದೆ ಅವರಿಗೆ ಕೇಳಿಸಿದೆ. ಜುಲೇಖಾ ಖಾಲಾ ಮದುವೆಯಲ್ಲಿ ಅರಿಶಿನ ಹಚ್ಚುವಾಗ ಹಾಡಿದ್ದು. ನಡುನಡುವೆ ನೀನು, ಇದನ್ನ ಯಾರ ಕಡಿಂದ ಕಲಿತಿ, ಆ ಸಾಲು ಇನ್ನೊಮ್ಮೆ ಹೇಳು ಎಂದು ಕೇಳುತ್ತೀ. ಖಾಲಾ ನಗುತ್ತಾಳೆ, ಮತ್ತೆ ಹಾಡುತ್ತಾಳೆ. ಅಕ್ಕ ಪೂರ್ತಿ ಕೇಳಿ, ಈ ಮನುಷ್ಯನ ಕೈಗೆ ಬ್ಯಾಟರಿ, ಚಾರ್ಜರು ಯಾಕೆ ಕೊಟ್ಟೆವು ಎಂದು ತಮ್ಮನ್ನೇ ಬೈದುಕೊಂಡರು. ಪಟ್ಟಿಯಲ್ಲಿ ರವಿವಾರ ಸಂಜೆ ನಾಲ್ಕು ಗಂಟೆ, ‘ಹಾದಿಯ ಹಾಡು’ ಎಂದಷ್ಟೇ ಬರೆದು, ಮುಂದೆ ಜಾಗ ಖಾಲಿ ಬಿಟ್ಟಿದ್ದಾರೆ. ನಿನ್ನ ಪರವಾಗಿ ಹೂಂ ಎನ್ನು ಎಂದು ನನಗೇ ಹೇಳಿದರು. ನಾನು ಒಲ್ಲೆನೆಂದೆ. ಅದು ನೀನೇ ಹೇಳಬೇಕಾದ ಮಾತು.

ಇವತ್ತು ಮನಸ್ಸು ಹಗುರಾಗಿದೆ. ಗುರುವಾರ ನೀನು ಮೇಲೆ ಬರಬೇಡ, ಅಂಗಡಿಯಲ್ಲೇ ಕೂತು ಎಲ್ಲರಂತೆ ಕೇಳು. ಗಿರಾಕಿ ಯಾರಾದರೂ ಈ ಹುಡುಗಿ ಯಾರು ಎಂದು ಕೇಳಿದರೆ, ನನ್ನ ತಂಗಿ, ಇಲ್ಲಿನ ರಿಪೇರಿ ಎಲ್ಲ ಇವಳದೇ ಎಂದು ಹೇಳು. ನನ್ನ ಬಗ್ಗೆ ಅಷ್ಟು ಮಾತು ನೀನು ಆಡಿದರೆ ನನಗೆ ಸಂತೋಷ.

ನಿನ್ನ ದನಿಗೆ ಬರಕತ್ತು ಇರಲಿ, ಭಾಯಿ. ರವಿವಾರ ಅದನ್ನು ಊರೆಲ್ಲ ಕೇಳಲಿ.

ನಿನ್ನ ತಂಗಿ,
ಕೈನಾತ