ಶ್ರೀಪಾದ ಭಾವ ಹೇಳಿದ ಹುಲಿ ಕಥೆ

ಹೇರೂರು, ೧೪-೧೧-೨೦೦೬, ಮಂಗಳವಾರ

ಶ್ರೀಪಾದ ಭಾವನ ಹೋಂಸ್ಟೇ ತುಂಬಿದ್ದಕ್ಕೆ ಹೊಟ್ಟೆ ಉರಿದದ್ದು ನಿಜ. ಅದನ್ನು ಹೇಗೋ ನುಂಗಿಕೊಂಡಿದ್ದೆ. ಇವತ್ತು ಸಂಜೆ ಅವನು ಪೇಟೆಯ ಅತಿಥಿಗಳನ್ನು ಅಂಗಳದಲ್ಲಿ ಕೂರಿಸಿಕೊಂಡು ನನ್ನ ಅಜ್ಜಿಯ ಹುಲಿ ಕಥೆಯನ್ನೇ ಹೇಳಿದ. ನಾನು ಊರಿಗೆಲ್ಲ ಹೇಳುತ್ತ ಬಂದ ಕಥೆ! ಅವನಿಗೆ ದನಿಯೂ ಇಲ್ಲ, ಎಲ್ಲಿ ತಡೆದು ನಿಲ್ಲಬೇಕೆಂಬ ಅಂದಾಜೂ ಇಲ್ಲ. ಕೊನೆಗೆ ಹುಲಿಯನ್ನು ಕೊಲ್ಲದೆ ಕಾಡಿಗೆ ಕಳಿಸಿಬಿಟ್ಟ.

“ಹುಲಿ ಸಾಯವು, ಅಲ್ದನಾ?” ಎಂದು ಅವನ ಕಿವಿಯಲ್ಲಿ ಕೇಳಿದೆ.

“ಸತ್ರೆ ಕಾಡು ನೋಡಲೆ ಯಾರು ಬತ್ತ, ಭಾವ?” ಎಂದು ನಕ್ಕ.

ಅಷ್ಟರಲ್ಲಿ ಒಂದು ಮಗು, “ಹುಲಿ ಈಗ ಎಲ್ಲಿದೆ?” ಎಂದಿತು. ಶ್ರೀಪಾದ ಬೆಟ್ಟದ ಕಡೆ ಕೈ ತೋರಿಸಿದ. ಅಂಗಳವೆಲ್ಲ ಅತ್ತ ಕತ್ತಲಿಗೆ ತಿರುಗಿತು.

ನನ್ನ ಕಥೆ ಮುಗಿದರೆ ಎಲ್ಲರೂ ನಗುತ್ತ ಊಟಕ್ಕೆ ಏಳುತ್ತಾರೆ. ಹಾಗೆ ಯಾರೂ ಕತ್ತಲನ್ನು ನೋಡಿದ್ದಿಲ್ಲ. ಆ ಕೊನೆ ನನಗೇಕೆ ಇಷ್ಟು ವರ್ಷ ಹೊಳೆಯಲಿಲ್ಲ?